ಬೇವಿನ ಮರದವರೆಗಿನ ಕನ್ನಡಕ

ನನ್ನ ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಜಗತ್ತೇ ಮಂಜಾಗಿದೆ ಎಂದು ನಂಬುವುದು ಸುಲಭ. ನಾಲ್ಕೈದು ವರ್ಷ ನಾನು ಹಾಗೆಯೇ ನಂಬಿಕೊಂಡು ಸುಖವಾಗಿದ್ದೆ. ತೆಲುಗು ಸೀಮೆಯ ಅಂಚಿನ ನಮ್ಮ ಆದೋನಿಯಲ್ಲಿ ಈ ನಂಬಿಕೆಗೆ ಬೇಕಾದಷ್ಟು ಸಾಕ್ಷಿಯೂ ಸಿಗುತ್ತದೆ. ಬೇಸಿಗೆಯಲ್ಲಿ ಧೂಳು, ಅದು ಮುಗಿದರೆ ಹತ್ತಿ. ಹತ್ತಿಯ ಲಾರಿಗಳು ಊರಿಗೆ ಬರತೊಡಗಿದವೆಂದರೆ ರಸ್ತೆ ಬದಿಯ ಜಾಲಿಗಿಡಗಳಿಗೆಲ್ಲ ಬಿಳಿ ಎಳೆಗಳು ನೇತುಬೀಳುತ್ತವೆ, ಮನುಷ್ಯರ ಮೀಸೆಗೂ ಬೀಳುತ್ತವೆ. ಹೀಗಾಗಿ ಎದುರಿನ ಗುಡ್ಡ ಸರಿಯಾಗಿ ಕಾಣದಿದ್ದರೆ ಹತ್ತಿ ಎನ್ನುತ್ತಿದ್ದೆ, ಬಸ್ಸಿನ ಬೋರ್ಡು ಕಾಣದಿದ್ದರೆ ಧೂಳು ಎನ್ನುತ್ತಿದ್ದೆ. ಎದುರು ಮನೆಯವರ ಮುಖ ಕಾಣದಿದ್ದರೆ, ಅವರು ಮೊದಲಿನಿಂದಲೂ ಸರಿಯಾಗಿ ಮುಖ ಕೊಡುವವರಲ್ಲ ಎಂದುಕೊಳ್ಳುತ್ತಿದ್ದೆ.

ಹಾಗೆಂದು ಕನ್ನಡಕವಿಲ್ಲದ ಮನುಷ್ಯನಲ್ಲ ನಾನು. ಮೂಗಿನ ಮೇಲೆ ಎರಡು ಶಾಶ್ವತ ಕುಳಿಗಳಿವೆ. ಮೇಲೆ ದೂರದ್ದು, ಕೆಳಗೆ ಓದುವುದು ಎಂದು ಎರಡು ಭಾಗವಿರುವ ಕನ್ನಡಕ ನನ್ನದು. ಮಾರುಕಟ್ಟೆ ಕಚೇರಿಯ ಮೇಜಿನ ಮುಂದೆ ಕೂತು ಕಾಗದ ತಿರುವುವ ಗುಮಾಸ್ತನಿಗೆ ಅದು ಹೇಳಿ ಮಾಡಿಸಿದ್ದು. ತೊಂದರೆ ಶುರುವಾಗುವುದು ಸೈಕಲ್ ಹತ್ತಿದಾಗ. ಹ್ಯಾಂಡಲ್ಲಿನ ಮೇಲೆ ಬಾಗಿದರೆ ಕಣ್ಣು ಕನ್ನಡಕದ ಮೇಲಂಚನ್ನು ದಾಟಿ ಬರಿಗಾಳಿಯಲ್ಲಿ ಅಲೆಯುತ್ತದೆ. ಬೇಡವೆಂದು ತಲೆಯೆತ್ತಿ ಕೂತರೆ, ಮುಂದಿನ ಚಕ್ರದ ಎದುರಿನ ರಸ್ತೆ ಓದುವ ಭಾಗದೊಳಗೆ ಬಂದು ಕೂಡುತ್ತದೆ. ಆಗ ಒಂದು ಬೆಣಚುಕಲ್ಲು ಆಮೆಯಷ್ಟಾಗುತ್ತದೆ, ಗುಂಡಿ ಇದ್ದ ಕಡೆ ಇರುವುದಿಲ್ಲ, ಇಲ್ಲದ ಕಡೆ ಇರುತ್ತದೆ. ನಾನು ಆಮೆಯನ್ನು ತಪ್ಪಿಸಲು ಹೋಗಿ ಗುಂಡಿಗೆ ಇಳಿಯುತ್ತೇನೆ. ಹ್ಯಾಂಡಲ್ಲಿನಿಂದ ಒಂದು ಕೈಯನ್ನೂ ಬಿಡಲು ಬಾರದ ಸವಾರ ನಾನು. ಮೂಗಿನ ಮೇಲೆ ನೊಣ ಕೂತರೆ ಸೈಕಲ್ ನಿಲ್ಲಿಸಿ, ಇಳಿದು, ಓಡಿಸಿ, ಮತ್ತೆ ಹತ್ತುವವನು.

ಈ ವಯಸ್ಸಿನಲ್ಲಿ ಸೈಕಲ್ಲು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಧಾ ಪ್ರತಿ ಭಾನುವಾರ ಕೇಳುತ್ತಾಳೆ. "ಸ್ಕೂಟರ್ ಮನ್ಯಾಗ ಪೂಜಿಗೆ ಇಟ್ಟೀರೇನು?" ಎನ್ನುತ್ತಾಳೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಉತ್ತರ ಕೊಡುತ್ತೇನೆ. ಅದು ಶುದ್ಧ ಸುಳ್ಳು. ನನ್ನ ಆರೋಗ್ಯದ ಮೇಲೆ ನನಗೆ ಅಷ್ಟು ಪ್ರೀತಿಯಿದ್ದಿದ್ದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿಯನ್ನು ಎಂದೋ ಬಿಡುತ್ತಿದ್ದೆ. ನಿಜವಾದ ಕಾರಣ ಪೆದ್ದಹರಿವಾಣಂ ರಸ್ತೆಯಲ್ಲಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳುವಷ್ಟು ದೊಡ್ಡದೂ ಅಲ್ಲ.

ನನಗೆ ಸೈಕಲ್ ಕಲಿಸಿದವಳು ನನ್ನ ಅಕ್ಕ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲಿನ ಸೀಟು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿಲಲ್ಲಿ ಹಿಂದೆ ಹಿಂದೆ ಓಡಿದ್ದಳು. ಎರಡು ಕೈಯಲ್ಲಿ ಹಿಡಿಯುವುದನ್ನು ಕಲಿಸಿ ಮುಗಿಸುವಷ್ಟರಲ್ಲಿ ಅವಳ ಮದುವೆಯಾಯಿತು. ಒಂದು ಕೈ ಬಿಡುವುದನ್ನು ಕಲಿಸಲು ಯಾರೂ ಉಳಿಯಲಿಲ್ಲ. ಪೆದ್ದಹರಿವಾಣದ ಗುಡಿಯ ಪೂಜೆಯ ಮನೆತನಕ್ಕೆ ಅವಳನ್ನು ಕೊಟ್ಟರು. ಆಗ ನನಗೆ ಹನ್ನೆರಡು. ಅವಳಿಲ್ಲದ ಮನೆ ನನಗೆ ಒಗ್ಗಲೇ ಇಲ್ಲ. ಮುಂದಿನ ಭಾನುವಾರವೇ ಕರಿಬೇವಿನ ಸೊಪ್ಪು ಕೊಡುವ ನೆಪ ಮಾಡಿ ಸೈಕಲ್ ತುಳಿದುಕೊಂಡು ಹೋದೆ. ಊರಿಗೆ ಇನ್ನೂ ದೂರವಿರುವಾಗ ರಸ್ತೆ ಒಂದು ಕಡೆ ಹೊರಳುತ್ತದೆ. ಅಲ್ಲಿಂದ ಮುಂದೆ ದಾರಿ ನೇರ, ಎರಡೂ ಕಡೆ ಕರಿನೆಲ, ಕೊನೆಯಲ್ಲೊಂದು ಬೇವಿನ ಮರ. ನಾನು ಆ ತಿರುವು ದಾಟಿದ್ದೇ, ಮರದ ಕೆಳಗೆ ನಿಂತಿದ್ದ ಅಕ್ಕ ಕೈ ಎತ್ತಿದಳು. ಬೀಸಲಿಲ್ಲ, ಸುಮ್ಮನೆ ಎತ್ತಿ ಹಿಡಿದಳು. ಬಳೆಗಳು ಮೊಣಕೈಗೆ ಜಾರಿದ್ದು ಅಷ್ಟು ದೂರದಿಂದಲೂ ಕಂಡಿತು.

ಆ ಭಾನುವಾರದಿಂದ ಅದು ನಡೆದುಬಂತು. ನನಗೆ ಮೀಸೆ ಬಂತು, ನೌಕರಿ ಬಂತು, ಸುಧಾ ಬಂದಳು. ಅಕ್ಕನ ಮನೆ ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿತು. ಭಾನುವಾರದ ಕೈ ಮಾತ್ರ ಹಾಗೆಯೇ ಉಳಿಯಿತು. ಕಚೇರಿಯಲ್ಲಿ ನನ್ನನ್ನು ಹತ್ತಿರದಿಂದ ನೋಡಿಯೂ ಗುರುತಿಸದ ಸಾಹೇಬರುಗಳಿದ್ದಾರೆ. ಹುರುಳಿಕಾಳಿನಷ್ಟು ಕಾಣುವ ದೂರದಲ್ಲಿ ನನ್ನನ್ನು ಗುರುತಿಸಿ ಒಬ್ಬರು ಕೈ ಎತ್ತುತ್ತಾರೆ ಎಂಬುದು ನನಗೆ ವಾರವಿಡೀ ಸಾಕಾಗುವಷ್ಟು ಸುಖ ಕೊಡುತ್ತಿತ್ತು. ಸ್ಕೂಟರಿನಲ್ಲಿ ಹೋದರೆ ಆ ನೇರ ದಾರಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಸೈಕಲ್ಲಿನಲ್ಲಿ ಅಷ್ಟುದ್ದ ಆ ಕೈಯನ್ನು ನೋಡುತ್ತ ಹೋಗಬಹುದು. ಅದು ಕಾಣುವುದು ಯಾವ ಭಾನುವಾರ ನಿಂತಿತೋ ಹೇಳಲಾರೆ. ಒಂದು ವರ್ಷ ಬಳೆ ಹೋಯಿತು, ಇನ್ನೊಂದು ವರ್ಷ ಬೆರಳು ಹೋಯಿತು, ಆಮೇಲೆ ಮರದ ಕೆಳಗೆ ಸೀರೆಯ ಬಣ್ಣವಷ್ಟೇ ಉಳಿಯಿತು. ಅದನ್ನೂ ಹತ್ತಿಯ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದೆ.

ಕೊನೆಗೊಂದು ಭಾನುವಾರ ಮರ್ಯಾದೆ ಹೋಯಿತು. ತಿರುವು ದಾಟಿ ಬಂದವನಿಗೆ ಮರದ ಹತ್ತಿರ ನೀಲಿ ಸೀರೆ ಕಂಡಿತು. ಮನಸ್ಸು ತುಂಬಿ "ಅಕ್ಕಾ!" ಎಂದು ಕೂಗಿ, ನಗುತ್ತ ಹತ್ತಿರ ಹೋಗಿ ಇಳಿದೆ. ಅದು ಮೇವಿನ ಬಣವೆಗೆ ಹೊದಿಸಿದ ನೀಲಿ ತಾಡಪಾಲು. ಅಕ್ಕನನ್ನು ನಾನು ಆಗಲೇ ದಾಟಿ ಬಂದಿದ್ದೆ. ಅವಳು ಹಿಂದಿನಿಂದ ಬಂದಳು. "ರಾಘ್ಯಾ, ಬಣವಿನ್ನ ಮಾತಾಡಿಸಿದಿ, ನನ್ನ ಮಾತಾಡಿಸಲಿಲ್ಲ. ಆಕಿ ಆರಾಮ ಇದ್ದಾಳೇನು?" ಎಂದಳು. ನಗುತ್ತಲೇ ಅಂದಳು, ಆದರೆ ಒಳಗೆ ನನಗೆ ಚುಚ್ಚಿತು. ಊಟದ ಎಲೆಯ ಮುಂದೆ ಕೂತಾಗಲೂ ಅದೇ ಯೋಚನೆ. ಇವತ್ತು ಅವಳು ಕೈ ಎತ್ತಿದ್ದಳೇ? ಎತ್ತಿದ್ದರೆ ಎಷ್ಟು ವಾರದಿಂದ ನಾನು ನೋಡದೆ ಹಾಗೇ ಬರುತ್ತಿದ್ದೇನೆ? ಕೇಳಲು ನಾಚಿಕೆಯಾಯಿತು. ಮರುದಿನವೇ ಖಾದರ್ ಭಾಯಿಯ ಕನ್ನಡಕದ ಅಂಗಡಿಗೆ ಹೋದೆ.

ಖಾದರ್ ಭಾಯಿ ನನಗೆ ಇಪ್ಪತ್ತೈದು ವರ್ಷದಿಂದ ಕನ್ನಡಕ ಕೊಡುತ್ತಿರುವ ಮನುಷ್ಯ. ಅದೇ ಕುರ್ಚಿ, ಅದೇ ಗೋಡೆ, ಗೋಡೆಯ ಮೇಲೆ ತೆಲುಗು ಅಕ್ಷರಗಳ ಅದೇ ಪಟ. ಮೂಗಿನ ಮೇಲೆ ಅಳತೆಯ ಚೌಕಟ್ಟು ಇಟ್ಟು, ಒಂದು ಕಣ್ಣು ಮುಚ್ಚಿ, "ಹೂಂ, ಓದ್ರಿ ಆಚಾರ್ರೇ" ಎಂದ. ನಾನು ಶುರುಮಾಡಿದೆ. ಮೇಲಿನ ದೊಡ್ಡಕ್ಷರದಿಂದ ಹಿಡಿದು ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳವರೆಗೆ, ಎಲ್ಲೂ ತಡವರಿಸದೆ, ಒಂದೇ ಉಸಿರಿಗೆ ಮುಗಿಸಿ ಗಂಭೀರವಾಗಿ ಕೂತೆ. ಖಾದರ್ ಭಾಯಿ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಆಚಾರ್ರೇ, ಒಂದೂ ತಪ್ಪಿಲ್ರಿ" ಎಂದ ಆಮೇಲೆ. "ಆದ್ರ ಆ ಪಟ ಹೋದ ತಿಂಗಳೇ ತೆಗದಾಕೀನಿ. ಹೊಸಾದು ಈ ಕಡಿ ಐತಿ, ಲೈಟಿನ ಡಬ್ಬಿ. ನೀವು ಈಗ ಓದಿದ್ದು ಕ್ಯಾಲೆಂಡರ್."

ಈ ಅಪರಾಧಕ್ಕೆ ನನ್ನೊಬ್ಬನನ್ನೇ ಹೊಣೆ ಮಾಡಬಾರದು. ನಮ್ಮ ಮನೆಯಲ್ಲಿ ಪುಸ್ತಕ ನೋಡಿ ಓದುವುದೆಂದರೆ ಅವಮಾನ. ಬೆಳಗಾಗುತ್ತಲೇ ತಂದೆಯವರು ಮಣೆ ಹಾಕಿ ಕೂಡಿಸುತ್ತಿದ್ದರು. ಸ್ತೋತ್ರವಾಗಲಿ ಮಗ್ಗಿಯಾಗಲಿ ಬಾಯಿಗೆ ಬರಬೇಕು, ಕಣ್ಣಿಗೆ ಅಲ್ಲೇನೂ ಕೆಲಸವಿಲ್ಲ. ಅವರು ಪೂಜೆಗೆ ಎದ್ದರೆ ಉಸ್ತುವಾರಿ ಅಕ್ಕನದು. ನಾನು ಪುಸ್ತಕದ ಕಡೆ ಕಳ್ಳನೋಟ ಬೀರಿದರೆ ಅವಳು ಕಿವಿ ಹಿಂಡುತ್ತಿದ್ದಳು. ಹೀಗೆ ತಯಾರಾದವನ ಮುಂದೆ ಇಪ್ಪತ್ತೈದು ವರ್ಷ ಒಂದೇ ಪಟ ತೂಗುಹಾಕಿದರೆ ಏನಾಗುತ್ತದೆ? ಮೂರನೆಯ ಸಲಕ್ಕೇ ಅದು ನನಗೆ ಕಂಠಪಾಠವಾಗಿತ್ತು. ಖಾದರ್ ಭಾಯಿ "ಓದ್ರಿ" ಎಂದ ಕೂಡಲೇ ಬಾಯಿ ತಾನಾಗಿ ಹರಿಯುತ್ತಿತ್ತು. ಮೋಸ ಮಾಡುತ್ತಿದ್ದೇನೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಸಮಾಧಾನದಿಂದಲೇ ಮನೆಗೆ ಬರುತ್ತಿದ್ದೆ.

"ಹಂಗಾರ ಇಷ್ಟು ವರ್ಷ ಕೊಟ್ಟ ನಂಬರು?" ಎಂದೆ ಮೆಲ್ಲಗೆ.

"ನಿಮ್ಮ ನೆನಪಿಗೆ ಕೊಟ್ಟಂಗಾತು ನೋಡ್ರಿ. ಕಣ್ಣಿಗಲ್ಲ" ಎಂದು ಖಾದರ್ ಭಾಯಿ ಕ್ಯಾಲೆಂಡರನ್ನು ತಿರುವಿ ಹಾಕಿದ. ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ನಾನು ಮೊದಲ ಸಾಲಿನಲ್ಲೇ ತೊದಲಿದೆ. ನಂಬರು ಸಿಕ್ಕಿದ ಮೇಲೆ, ಎರಡು ಭಾಗದ್ದೋ, ಗೆರೆ ಕಾಣದ್ದೋ, ಬರೀ ದೂರದ್ದೋ ಎಂದು ಕೇಳಿದ. ಸೈಕಲ್ಲಿಗೆ ಎಂದೆ. "ಸೈಕಲ್ ಮ್ಯಾಲ ಕುಂತು ಏನ್ ನೋಡಬೇಕು, ಅದನ್ನ ಹೇಳ್ರಿ" ಎಂದ. ರಸ್ತೆ ಎಂದೆ. "ರಸ್ತಾ ನೋಡಾಕ ಯಾರೂ ಇಷ್ಟು ಒದ್ದಾಡಂಗಿಲ್ಲ. ಖರೇ ಹೇಳ್ರಿ." ಆ ಕುರ್ಚಿಯಲ್ಲಿ ಅಂದು ಒಂದು ಸಲ ಸಿಕ್ಕಿಬಿದ್ದಾಗಿತ್ತು, ಇನ್ನು ಮುಚ್ಚಿಡುವುದೇನು ಎಂದು ಹೇಳಿಬಿಟ್ಟೆ. "ತಿರುವಿನ ಮ್ಯಾಲಿಂದ ಬೇವಿನ ಮರದ ಕೆಳಗ ನಮ್ಮಕ್ಕ ಕೈ ಎತ್ತಿದ್ದು ಕಾಣಬೇಕು ಭಾಯ್. ಕೈಯಾಗಿನ ಬಳಿ ಕಾಣದಿದ್ರೂ ಅಡ್ಡಿಯಿಲ್ಲ."

ಅವನು ನಗಲಿಲ್ಲ. ಎದ್ದು ನನ್ನ ಸೈಕಲ್ಲನ್ನೇ ಅಂಗಡಿಯ ಮೆಟ್ಟಿಲ ಮುಂದೆ ತಂದು ಸ್ಟ್ಯಾಂಡು ಹಾಕಿದ. "ಹತ್ರಿ" ಎಂದ. ಅಳತೆಯ ಚೌಕಟ್ಟು ಮೂಗಿಗೇರಿಸಿಕೊಂಡು, ಪಂಚೆ ಮೇಲೆತ್ತಿ, ನಡುಬಜಾರಿನಲ್ಲಿ ನಿಂತ ಸೈಕಲ್ಲಿನ ಮೇಲೆ ನಾನು ಕೂತೆ. ಬಾಗಿ ಎಂದರೆ ಬಾಗಿದೆ, ತುಳಿಯಿರಿ ಎಂದರೆ ತುಳಿದೆ. ಹೂ ಮಾರುವಾಕೆ ಬುಟ್ಟಿ ಕೆಳಗಿಟ್ಟು, "ಏಂಟಿ ಸ್ವಾಮೀ, ಎಂತಸೇಪು ತೊಕ್ಕಿನಾ ಬಂಡಿ ಕದಲಲೇದೇ?" ಎಂದಳು. ಎಷ್ಟು ತುಳಿದರೂ ಗಾಡಿ ಕದಲುತ್ತಿಲ್ಲವಲ್ಲ ಎಂಬ ಕಾಳಜಿ ಆಕೆಗೆ. ಚೈನು ಬಿಗಿ ಮಾಡಿಸಿ ಎಂದು ಒಬ್ಬ ಹಿರಿಯರು ಸಲಹೆ ಕೊಟ್ಟರು. ಖಾದರ್ ಭಾಯಿ ಯಾರಿಗೂ ಕಿವಿಗೊಡದೆ, ಬಾಗಿದ ನನ್ನ ಕಣ್ಣು ಗಾಜಿನ ಯಾವ ಜಾಗದಿಂದ ಹೊರಗೆ ನೋಡುತ್ತದೆಂದು ಪೆನ್ನಿನಿಂದ ಚುಕ್ಕೆ ಇಟ್ಟ. ಓದುವ ಭಾಗ ತೆಗೆದುಹಾಕಿದ. ಗಾಜನ್ನು ಹುಬ್ಬಿನವರೆಗೆ ಎತ್ತರಿಸಿದ. ಬೆವರಿಗೆ ಜಾರದಂತೆ ಕಿವಿಯ ಹಿಂದೆ ಬಾಗುವ ಕಡ್ಡಿ ಆರಿಸಿದ. ವಾರದೊಳಗೆ ಕನ್ನಡಕ ಬಂತು. ಹಾಕಿಕೊಂಡು ಮನೆಗೆ ಹೋದರೆ ಸುಧಾ, "ಗೂಬಿ ಕಂಡಂಗ ಕಾಣ್ತೀರಿ" ಎಂದಳು. ಅವಳ ಮುಖದ ಒಂದೊಂದು ಗೆರೆಯೂ ನನಗೆ ಸ್ಪಷ್ಟವಾಗಿ ಕಂಡಿತು. ಅದನ್ನು ಹೇಳದಷ್ಟು ಬುದ್ಧಿ ನನಗಿದೆ.

ಭಾನುವಾರ ಹೊರಟೆ. ಗುಡ್ಡದ ಬಂಡೆಗಳು ಒಂದೊಂದಾಗಿ ಕಂಡವು. ಜಾಲಿಗೆ ಸಿಕ್ಕ ಹತ್ತಿಯ ಎಳೆ ಕಂಡಿತು. ಕಲ್ಲು ಕಲ್ಲಾಗಿ, ಗುಂಡಿ ಗುಂಡಿಯಾಗಿ ತಮ್ಮ ತಮ್ಮ ಜಾಗದಲ್ಲಿದ್ದವು. ತಿರುವು ಹತ್ತಿರ ಬಂದಾಗ ಹನ್ನೆರಡರ ಹುಡುಗನಂತೆ ಜೋರಾಗಿ ತುಳಿದೆ. ಹೊರಳಿದೆ. ಬೇವಿನ ಮರದ ಕೆಳಗೆ ಅಕ್ಕ ನಿಂತಿದ್ದಳು. ಮುಖ ಕಂಡಿತು. ಕೈ ಎತ್ತಿದ್ದಳು, ಕಂಡಿತು. ಬಳೆಯೂ ಕಂಡಿತು.

ಆದರೆ ಆ ಕೈ ನನಗಾಗಿರಲಿಲ್ಲ. ನನಗಿಂತ ಬಹಳ ಮುಂದೆ ಒಬ್ಬ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ. ಅಕ್ಕ ಅವನಿಗೆ ಕೈ ಎತ್ತಿದ್ದಳು. ಅವನು ಹತ್ತಿರ ಬಂದು ದಾಟಿದ ಮೇಲೆ ಕೈ ಇಳಿಯಿತು. ಹಿಂದೆಯೇ ಹುಲ್ಲಿನ ಹೊರೆ ಹೇರಿಕೊಂಡವನ ಸೈಕಲ್ಲು ಬಂತು. ಮತ್ತೆ ಕೈ ಎದ್ದಿತು. ಅವನೂ ದಾಟಿದ. ಮೂರನೆಯದು ನನ್ನ ಸೈಕಲ್ಲು. ಅದೇ ಕೈ, ಅಷ್ಟೇ ಎತ್ತರ, ಒಂದು ಬೆರಳೂ ಹೆಚ್ಚಿಲ್ಲ. ಇಷ್ಟು ಕಷ್ಟಪಟ್ಟು ಕನ್ನಡಕ ಮಾಡಿಸಿಕೊಂಡು ಬಂದವನಿಗೆ ಹಾಲಿನವನ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಇಳಿದವನೇ ಕೇಳಿದೆ.

"ಯಾಕಕ್ಕಾ, ಬಂದಬಂದವರಿಗೆಲ್ಲ ಕೈ ಎತ್ತತಿ?"

"ನನಗೇನ್ ಗೊತ್ತಾಗ್ತದೋ ಯಾರಂತ? ಮೂರು ವರ್ಷಾತು, ಕಣ್ಣಿಗೆ ಪೊರಿ ಬಂದದ. ಸೈಕಲ್ ಅನ್ನೋದಷ್ಟೇ ಕಾಣ್ತದ" ಎಂದಳು, ಬೇವಿನ ಎಲೆ ಸೀರೆಯಿಂದ ಕೊಡವಿಕೊಳ್ಳುತ್ತ. "ಎಲ್ಲಾರಿಗೂ ಎತ್ತಿದ್ರ ಅದರಾಗ ಒಂದು ನೀ ಆಗಿರ್ತಿ."

ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಕನ್ನಡಕ ಒರೆಸುವ ನೆಪದಲ್ಲಿ ಸ್ವಲ್ಪ ಹೊತ್ತು ಮುಖ ತಿರುವಿ ನಿಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಹೇಳಿದರೆ ಆಪರೇಷನ್ನಿಗೆ ಎಳೆದುಕೊಂಡು ಹೋಗುತ್ತೀ ಎಂದಳು. ಎಳೆದುಕೊಂಡೇ ಹೋಗುತ್ತೇನೆ, ಮೊದಲು ಕಣ್ಣು ತೋರಿಸೋಣ ಎಂದೆ. ಖಾದರ್ ಭಾಯಿಯ ಪಟವನ್ನು ನಾನು ಬಾಯಿಪಾಠ ಒಪ್ಪಿಸಿದ ಕಥೆ ಹೇಳಿದೆ. ಕೇಳಿದ್ದೇ ತಡ, "ಅದನ್ನ ಮೊದಲ ಒಂದ್ಸಲ ಹೇಳಿಬಿಡು. ಬಾಯಿಗೆ ಬಂದ್ರ ಡಾಕ್ಟರ್ ಆಪರೇಷನ್ ಬ್ಯಾಡ ಅಂತಾನ" ಎಂದಳು. ನನ್ನ ಗುರು ಯಾರೆಂದು ಆಗ ಚೆನ್ನಾಗಿ ನೆನಪಾಯಿತು. ಪಟದ ಒಂದಕ್ಷರವನ್ನೂ ನಾನು ಹೇಳಿಕೊಡಲಿಲ್ಲ. ಅವಳು ಒಪ್ಪಿಕೊಂಡಳು, ಆದರೆ ಒಂದು ಷರತ್ತು ಹಾಕಿ.

"ಆಪರೇಷನ್ ಆಗಿ ನನಗ ಕಾಣೋ ತನಕ ನೀ ಮೊದಲ ಕೈ ಎತ್ತು. ಕೈ ಎತ್ತಿ ಬರೋ ಸೈಕಲ್ಲು ಈ ರಸ್ತಾದಾಗ ಒಂದೇ ಇರ್ತದ. ಮಬ್ಬಿನ್ಯಾಗೂ ಗೊತ್ತಾಗ್ತದ, ಅದು ನೀನಂತ."

ಆಗ ಹೊಳೆಯಿತು. ಇಷ್ಟು ಭಾನುವಾರಗಳಲ್ಲಿ ಒಂದು ಸಲವೂ ನಾನು ಅವಳಿಗೆ ಕೈ ಎತ್ತಿಲ್ಲ. ಅವಳ ಕೈ ಕಾಣಲಿಲ್ಲವೆಂದು ಕನ್ನಡಕ ಬದಲಾಯಿಸಿದೆನೇ ಹೊರತು, ಮರದ ಕೆಳಗೆ ನಿಂತವಳಿಗೆ ಏನು ಕಂಡೀತು ಎಂದು ಯೋಚಿಸಲಿಲ್ಲ. ನನ್ನ ಎರಡೂ ಕೈ ಹ್ಯಾಂಡಲ್ ಮೇಲಿದ್ದವು, ಇನ್ನೂ ಅಲ್ಲೇ ಇವೆ. ಈಗ ದಿನಾ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಒಂದು ಕೈ ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಎರಡು ಸಲ ಜಾಲಿಗಿಡದ ಮೇಲೆ ಬಿದ್ದೆ. ಬಿದ್ದ ಜಾಲಿಯ ಒಂದೊಂದು ಮುಳ್ಳನ್ನೂ ಹೊಸ ಕನ್ನಡಕ ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ನಿನ್ನೆ ಮೂರು ಬೆರಳು ಎತ್ತಿದೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿದೆ.