ಔಷಧಿ ಪೆಟ್ಟಿಗೆಗೆ ಗಟ್ಟಿಮೇಳ

ತ್ರಿಪುರಸುಂದರಿ: ರೀ, ನಿಲ್ಸ್ರೀ ಅದನ್ನ! ನಮ್ಮ ಡೈರೆಕ್ಟ್ರು ಬಾಯಿ ತೆಗೆದ್ರೆ ಓಲಗ ಬರ್ತಿದೆಯಲ್ರೀ!

ರಾಮಾನುಜ: ಬಾಯಿಂದ ಬರ್ತಿಲ್ಲ ಮೇಡಂ, ಹಿನ್ನೆಲೆಯಿಂದ ಬರ್ತಿದೆ.

ತ್ರಿಪುರಸುಂದರಿ: ಅವರ ಮಾತೆಲ್ಲಿ?

ರಾಮಾನುಜ: ತೆಗೆದೆ.

ತ್ರಿಪುರಸುಂದರಿ: ತೆಗೆದ್ರಾ?

ರಾಮಾನುಜ: ಒಂದೇ ಒಂದು ಉಳಿಸಿಲ್ಲ. ಎಷ್ಟು ನೀಟಾಗಿದೆ ನೋಡಿ!

ಚಾಮರಾಜಪೇಟೆಯ ಆ ಮಹಡಿಯ ಮೇಲಿನ ಸ್ಟುಡಿಯೋದಲ್ಲಿ ಫ್ಯಾನು ತಿರುಗುತ್ತಿದ್ದರೂ ತ್ರಿಪುರಸುಂದರಿಗೆ ಬೆವರು ಕಿತ್ತುಕೊಂಡು ಬಂತು. ಬಾರದೆ ಇನ್ನೇನು? ಆಕೆ ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಕೊಳ್ಳುವ ವಿಭಾಗದ ಅಧಿಕಾರಿ. ಮೊದಲು ಒಂದೊಂದು ಆಸ್ಪತ್ರೆಯೂ ತನಗೆ ಸಿಕ್ಕಿದ್ದನ್ನು, ಸಿಕ್ಕಿದ ಕಡೆ ಕೊಳ್ಳುತ್ತಿತ್ತು. ಬೇಕಾದ ದಿನ ಬೇಕಾದ ಔಷಧಿ ಇರುತ್ತಿರಲಿಲ್ಲ. ಹಾಗಲ್ಲ, ಎಲ್ಲವನ್ನೂ ಒಂದೇ ಕಡೆ ಕೊಂಡು, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಹಂಚೋಣ ಎಂದು ಹಟ ಹಿಡಿದು, ಊಟ ನಿದ್ದೆ ಬಿಟ್ಟು ಕೆಲವು ಜಿಲ್ಲೆಗಳಲ್ಲಿ ಮಾಡಿ ತೋರಿಸಿದವಳು ಅವಳೇ. ಇವತ್ತು ಮೂರು ಗಂಟೆಗೆ ಸಮಿತಿಯ ಸಭೆ. ಈ ಏರ್ಪಾಡು ರಾಜ್ಯಕ್ಕೆಲ್ಲ ಹಬ್ಬಬೇಕೋ ಇಲ್ಲ ಬಾಗಿಲು ಮುಚ್ಚಬೇಕೋ ಅಲ್ಲೇ ತೀರ್ಮಾನ. ಭಾಷಣ ಬೇಡ, ಐದು ನಿಮಿಷದ ವಿಡಿಯೋ ತೋರಿಸಿ ಸಾಕು ಅಂದಿದ್ದರು. ಸಂದರ್ಶನಗಳನ್ನು ತೆಗೆದು, ಕತ್ತರಿಸಿ, ಜೋಡಿಸುವ ಕೆಲಸ ಈ ರಾಮಾನುಜನ ಪಾಲಿಗೆ ಬಂದಿತ್ತು. ಅದಕ್ಕೆ ಕಾರಣ ವಿಭಾಗದ ಡೈರೆಕ್ಟರ್ ಶ್ರೀನಿವಾಸಯ್ಯನವರು. ತಮ್ಮ ಮಗಳು ಹೇಮಶ್ರೀಯ ಮದುವೆಯ ವಿಡಿಯೋ ಇವನು ಬಹಳ ಚೆನ್ನಾಗಿ ತೆಗೆದಿದ್ದಾನೆ, ಇವನೇ ಆಗಬೇಕು ಅಂದುಬಿಟ್ಟಿದ್ದರು. ರಾಮಾನುಜ ಹುಟ್ಟಿದ ಮೇಲೆ ಮದುವೆ ಬಿಟ್ಟು ಬೇರೆ ವಿಡಿಯೋ ತೆಗೆದವನಲ್ಲ.

ತ್ರಿಪುರಸುಂದರಿ: ಇಂಟರ್‌ವ್ಯೂ ಅಂದ್ರೆ ಮಾತು ಕಣ್ರೀ! ಮಾತು ತೆಗೆದ್ಮೇಲೆ ಏನು ಉಳೀತು?

ರಾಮಾನುಜ: ಮುಖ.

ತ್ರಿಪುರಸುಂದರಿ: ಮುಖ ಇಟ್ಕೊಂಡು ನಾನೇನು ಮಾಡ್ಲಿ?

ರಾಮಾನುಜ: ಹಾಗನ್ಬೇಡಿ ಮೇಡಂ. ಇದು ನಾನು ಮಾಡ್ಕೊಂಡಿರೋ ವ್ರತ. ಈ ಕಸುಬಿಗೆ ಬಂದ ಹೊಸದ್ರಲ್ಲಿ ಒಂದ್ಸಲ ಮಾತು ಹಾಗೇ ಬಿಟ್ಟಿದ್ದೆ. ಬಸವನಗುಡಿ ಮದುವೆ. ಊಟದ ಪಂಕ್ತಿಲಿ ಹೆಣ್ಣಿನ ಸೋದರತ್ತೆ ಪಕ್ಕದೋರಿಗೆ, 'ಗಂಡಿನ ತಾಯಿ ಸೀರೆ ನೋಡೇ, ನಮ್ಮನೆ ಕಿಟಕಿ ಪರದೆ ಇದ್ದ ಹಾಗಿದೆ' ಅಂದ್ರು. ಕ್ಯಾಸೆಟ್‌ನಲ್ಲಿ ಅಚ್ಚುಕಟ್ಟಾಗಿ ಬಂದಿತ್ತು. ಆ ಎರಡು ಮನೆಯೋರು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡಲ್ಲ. ಅವತ್ತೇ ತೀರ್ಮಾನ ಮಾಡ್ದೆ, ಮುಖ ಇರ್ಲಿ, ಮಾತು ಬೇಡ.

ತ್ರಿಪುರಸುಂದರಿ: ನಮ್ಮೋರು ಯಾರ ಸೀರೆ ಸುದ್ದಿನೂ ಎತ್ತಿಲ್ಲ. ಔಷಧಿ ಬಗ್ಗೆ ಮಾತಾಡಿದಾರೆ!

ರಾಮಾನುಜ: ಅದು ನನಗೆ ಹೇಗೆ ಗೊತ್ತಾಗ್ಬೇಕು? ನಾನು ಕೇಳಿಸ್ಕೊಂಡಿಲ್ವಲ್ಲ.

ತ್ರಿಪುರಸುಂದರಿ: ಅಯ್ಯೋ ದೇವ್ರೇ! ಬಿಸಾಕಿಬಿಟ್ರಾ ಎಲ್ಲಾನೂ?

ರಾಮಾನುಜ: ಛೆ ಛೆ! ಯಾರ ಮಾತನ್ನೂ ನಾನು ಬಿಸಾಕೋನಲ್ಲ. ಇದೇ ಕಂಪ್ಯೂಟರಲ್ಲಿ ಮಲ್ಲೇಶ್ವರದ ದಾಕ್ಷಾಯಣಮ್ಮನೋರ ಮಗಳ ಮದುವೆ ಕೆಲಸನೂ ನಡೀತಿತ್ತು. ಅದರ ಪಕ್ಕ ಎತ್ತಿಟ್ಟಿದೀನಿ. ಜೋಪಾನವಾಗಿದೆ.

ತ್ರಿಪುರಸುಂದರಿ ಎದೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು. ರಾಮಾನುಜ ಅದನ್ನೇ ಒಪ್ಪಿಗೆ ಎಂದುಕೊಂಡು ಮತ್ತೆ ಗುಂಡಿ ಒತ್ತಿದ. ಪರದೆಯ ಮೇಲೆ ಎರಡು ಹಂಸಗಳು ಎರಡು ಮೂಲೆಯಿಂದ ತೇಲಿ ಬಂದು ಕೊಕ್ಕಿಗೆ ಕೊಕ್ಕು ತಾಗಿಸಿದವು. ನಡುವೆ ಹೃದಯದ ಆಕಾರದ ಕಿಟಕಿ ತೆರೆಯಿತು. ಆ ಹೃದಯದೊಳಗೆ ರಟ್ಟಿನ ಪೆಟ್ಟಿಗೆಯೊಂದು ಕುಳಿತಿತ್ತು. ಮೇಲಿನಿಂದ ಗುಲಾಬಿ ಪಕಳೆ ಉದುರತೊಡಗಿದವು.

ತ್ರಿಪುರಸುಂದರಿ: ಇದೇನ್ರೀ ಇದು?

ರಾಮಾನುಜ: ಮದುಮಗಳು.

ತ್ರಿಪುರಸುಂದರಿ: ಅದು ಹಾವಿನ ವಿಷಕ್ಕೆ ಕೊಡೋ ಔಷಧಿ ಪೆಟ್ಟಿಗೆ ಕಣ್ರೀ!

ರಾಮಾನುಜ: ಇರ್ಬಹುದು. ಮೇಡಂ, ನಾನು ಕೆಲಸ ಶುರು ಮಾಡೋದೇ ಹೀಗೆ. ಎಲ್ಲಾ ಟೇಪು ಹಾಕ್ಕೊಂಡು ನೋಡ್ತೀನಿ. ಯಾರು ಎಲ್ಲಾ ಕಡೆನೂ ಇದಾರೆ, ಯಾರನ್ನ ಎಲ್ಲರೂ ನೋಡ್ತಿದಾರೆ, ಅವಳೇ ಮದುಮಗಳು. ನಿಮ್ಮ ಟೇಪಲ್ಲಿ ಹುಡುಕಿ ಹುಡುಕಿ ಸಾಕಾಯ್ತು. ನಿಮ್ಮನ್ನೇ ಅನ್ಕೊಂಡೆ ಮೊದ್ಲು.

ತ್ರಿಪುರಸುಂದರಿ: ನನ್ನನ್ನಾ!

ರಾಮಾನುಜ: ಕೋಪ ಮಾಡ್ಕೋಬೇಡಿ, ಆಮೇಲೆ ಬಿಟ್ಟೆ. ಮದುಮಗಳು ಅಷ್ಟು ಬೈಯಲ್ಲ. ಎಲ್ಲರ ಹಿಂದೆನೂ ಒಂದು ಪೆಟ್ಟಿಗೆ ತಗ್ಗಿಸಿದ ತಲೆ ಎತ್ತದೆ ಕೂತಿದೆ. ಸಿಕ್ಕಿದ್ಲು ಅನ್ಕೊಂಡೆ.

ತ್ರಿಪುರಸುಂದರಿ: ಹಾಗಾದ್ರೆ ಗಂಡು ಯಾರು?

ರಾಮಾನುಜ: ತಾಲ್ಲೂಕು ಆಸ್ಪತ್ರೆ. ಬಣ್ಣ ಸ್ವಲ್ಪ ಮಾಸಿದೆ, ಆದ್ರೆ ಗಂಡಿಗೆ ಬಣ್ಣ ಯಾರು ನೋಡ್ತಾರೆ?

ತ್ರಿಪುರಸುಂದರಿಗೆ ಅಳು ಬರಬೇಕಾದ ಜಾಗದಲ್ಲಿ ನಗು ನುಗ್ಗಿ ಬಂತು. ಹಲ್ಲು ಕಚ್ಚಿಕೊಂಡು ತಡೆದಳು. ಓಲಗ ಊದುತ್ತಲೇ ಇತ್ತು. ಪರದೆಯ ಮೇಲೆ ಗುಮಾಸ್ತರು ಟೆಂಡರಿನ ಲಕೋಟೆಗಳನ್ನು ಒಡೆಯುತ್ತಿದ್ದರು.

ರಾಮಾನುಜ: ಇಲ್ಲಿ ಜಾತಕಗಳು ಬಂದಿವೆ. ಎಲ್ಲಾ ಕಡೆಯಿಂದ ಸಂಬಂಧ. ಈಗ ನೋಡಿ, ಬಿಳಿ ಕೋಟಿನೋರು ಗಾಜಿನ ಕೊಳವೆ ಎತ್ತಿ ಬೆಳಕಿಗೆ ಹಿಡೀತಿದಾರೆ.

ತ್ರಿಪುರಸುಂದರಿ: ಅದು ಪ್ರಯೋಗಾಲಯದ ಪರೀಕ್ಷೆ.

ರಾಮಾನುಜ: ಮನೆತನ ವಿಚಾರಿಸೋದು ಅನ್ನಿ. ಆ ದಪ್ಪ ಕನ್ನಡಕದೋರು ತಲೆ ಅಡ್ಡಡ್ಡ ಆಡಿಸಿದ್ರು ನೋಡಿ. ಈ ಸಂಬಂಧ ಬೇಡ. ಇನ್ನೊಂದು ತಂದ್ರು. ಅದೂ ಬೇಡ. ಮೂರನೇದಕ್ಕೆ ನಕ್ಕರು. ಹಾಕಿದೆ ಗಟ್ಟಿಮೇಳ!

ಡೋಲು ಸ್ಟುಡಿಯೋದ ಗಾಜೆಲ್ಲ ಅದುರುವಂತೆ ಬಾರಿಸಿತು. ತ್ರಿಪುರಸುಂದರಿ ಔಷಧಿಯನ್ನು ಪರೀಕ್ಷೆ ಮಾಡದೆ ಕಳಿಸುವುದಿಲ್ಲ ಎನ್ನುವುದನ್ನು ಅರ್ಥ ಮಾಡಿಸಲು ಎಷ್ಟು ಸಭೆಗಳಲ್ಲಿ ಗಂಟಲು ಹರಿದುಕೊಂಡಿದ್ದಳು! ಕೇಳಿದವರೆಲ್ಲ ಬಿಸ್ಕತ್ತು ತಿಂದು ಎದ್ದು ಹೋಗಿದ್ದರು. ಈ ಪುಣ್ಯಾತ್ಮ ಒಂದೂ ಮಾತಿಲ್ಲದೆ ಅದನ್ನೇ ತೋರಿಸಿಬಿಟ್ಟಿದ್ದ. ಮುಂದಿನದಕ್ಕೆ ಅವಳೇ ಕುರ್ಚಿ ಎಳೆದುಕೊಂಡು ಹತ್ತಿರ ಸರಿದಳು. ಗೋದಾಮಿನ ಬಾಗಿಲಲ್ಲಿ ಪೆಟ್ಟಿಗೆಯನ್ನು ವ್ಯಾನಿಗೆ ಹತ್ತಿಸುತ್ತಿದ್ದಾರೆ. ಉಗ್ರಾಣದ ದೊಡ್ಡಬೈರಪ್ಪ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾನೆ, ನಿಧಾನವಾಗಿ, ಬಹಳ ನಿಧಾನವಾಗಿ.

ತ್ರಿಪುರಸುಂದರಿ: ಅವನು ಸೆಕೆಗೆ ಬೆವರು ಒರೆಸ್ಕೊಂಡಿದ್ದು ಕಣ್ರೀ.

ರಾಮಾನುಜ: ಹೆಣ್ಣು ಕಳಿಸಿಕೊಡೋವಾಗ ಬೆವರು ಯಾವುದು, ಕಣ್ಣೀರು ಯಾವುದು ಅಂತ ಯಾರು ಕೇಳ್ತಾರೆ ಮೇಡಂ?

ವ್ಯಾನು ತಾಲ್ಲೂಕು ಆಸ್ಪತ್ರೆಯ ಮುಂದೆ ನಿಂತಿತು. ಅಲ್ಲಿನ ಡಾಕ್ಟರ್ ದೀಪ್ತಿ ಮೆಟ್ಟಿಲಿಳಿದು ಬಂದು ಪೆಟ್ಟಿಗೆಯನ್ನು ಎರಡು ಕೈಯಲ್ಲೂ ತಬ್ಬಿ ಒಳಗೆ ಕೊಂಡೊಯ್ದಳು. ಪಕಳೆಗಳು ಸುರಿದವು. ಆಮೇಲೆ ಕ್ಯಾಮೆರಾ ಮುಂದೆ ನಿಂತು ಏನೋ ಹೇಳಿದಳು. ಓಲಗ ಊದಿತು.

ತ್ರಿಪುರಸುಂದರಿ: ನಿಲ್ಸಿ. ಇಲ್ಲಿ ಮಾತು ಬೇಕು.

ರಾಮಾನುಜ: ವ್ರತ ಮೇಡಂ...

ತ್ರಿಪುರಸುಂದರಿ: ಪೆಟ್ಟಿಗೆ ಇರ್ಲಿ, ಹಂಸ ಇರ್ಲಿ, ನಿಮ್ಮ ಡೋಲೂ ಇರ್ಲಿ. ಈ ಹುಡುಗಿ ಮಾತು ಮಾತ್ರ ವಾಪಸ್ ಹಾಕ್ಲೇಬೇಕು. ಕೇಳ್ರೀ ಅದೇನು ಹೇಳಿದಾಳೆ ಅಂತ.

ರಾಮಾನುಜ ಗೊಣಗುತ್ತಾ ಹುಡುಕಿ ಹಾಕಿದ. ದೀಪ್ತಿಯ ಧ್ವನಿ ಬಂತು: "ಮುಂಚೆ ಹಾವು ಕಚ್ಚಿದೋರನ್ನ ಹೊತ್ಕೊಂಡು ಬಂದ್ರೆ, ನನಗೆ ಹಿಂದಿನ ಬಾಗಿಲಿಂದ ಓಡಿಹೋಗೋಣ ಅನ್ನಿಸ್ತಿತ್ತು. ಔಷಧಿನೇ ಇರ್ತಿರ್ಲಿಲ್ಲ. ಈಗ ಬಾಗಿಲಿಗೆ ಬಂದು ನಿಂತ್ಕೊಂಡು, ಬನ್ನಿ ಅಂತೀನಿ."

ರಾಮಾನುಜ ಕನ್ನಡಕ ತೆಗೆದು ಒರೆಸಿಕೊಂಡ.

ರಾಮಾನುಜ: ಬನ್ನಿ ಅನ್ನೋದಕ್ಕೆ ವ್ರತ ಅಡ್ಡ ಬರಲ್ಲ ಬಿಡಿ. ಅದು ಮದುವೆ ಮನೆ ಮಾತೇ. ಆದ್ರೆ ಒಂದು ಸಮಾಚಾರ. ನನ್ನ ಕಂಪ್ಯೂಟರಿಗೆ ವಯಸ್ಸಾಗಿದೆ. ಮೂರು ಗಂಟೆ ಒಳಗೆ ಇಷ್ಟು ಚೂರನ್ನ ಮಾತ್ರ ಸೇರಿಸುತ್ತೆ. ಇನ್ನೊಂದು ಮಾತು ಸೇರಿಸು ಅಂದ್ರೆ ಹಾಗೇ ನಿಂತ್ಬಿಡುತ್ತೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಂದವರು ಸಾಕ್ಷಾತ್ ಶ್ರೀನಿವಾಸಯ್ಯನವರು. ತ್ರಿಪುರಸುಂದರಿಯ ಜೀವ ಬಾಯಿಗೆ ಬಂತು. ಈ ಮನುಷ್ಯ ಕೆಟ್ಟವರಲ್ಲ, ಆದರೆ ಮೈಕು ಕಂಡರೆ ಬಿಡುವವರಲ್ಲ. ಯಾವ ಸಭೆಯಲ್ಲೂ ಅವರ ಭಾಷಣ ಮುಗಿಯುವ ತನಕ ಜನ ಕೂತ ದಾಖಲೆಯಿಲ್ಲ. ಈ ವಿಡಿಯೋದಲ್ಲಾದರೂ ಮನಸ್ಸು ಬಿಚ್ಚಿ ಮಾತಾಡುತ್ತೇನೆ ಎಂದು ಶೂಟಿಂಗ್ ದಿನ ಮಧ್ಯಾಹ್ನ ಪೂರ್ತಿ ಮಾತಾಡಿದ್ದರು.

ಶ್ರೀನಿವಾಸಯ್ಯ: ಎಲ್ಲಿಗೆ ಬಂತಮ್ಮಾ? ನನ್ನ ಪ್ರಸ್ತಾವನೆ ಪೂರ್ತಿ ಬಂದಿದೆಯಾ?

ತ್ರಿಪುರಸುಂದರಿ: ಸಾರ್, ಅದು...

ರಾಮಾನುಜ: ಪೂರ್ತಿ ಹೋಗಿದೆ ಸಾರ್.

ಶ್ರೀನಿವಾಸಯ್ಯ: ಹೋಗಿದೆ ಅಂದ್ರೆ?

ತ್ರಿಪುರಸುಂದರಿ: ಸಾರ್, ಒಂದೇ ಮಾತಿಗೆ ಜಾಗ ಇರೋದು. ಅದು ಡಾಕ್ಟರ್ ದೀಪ್ತಿದು. ನಾನು ಹೇಳಿ ಹಾಕಿಸ್ತಿದೀನಿ. ನೀವು ಬೈದ್ರೂ ಪರವಾಗಿಲ್ಲ.

ಶ್ರೀನಿವಾಸಯ್ಯ: ನನ್ನ ಒಂದು ಮಾತೂ ಇಲ್ವಾ? ಗುಣಮಟ್ಟದ ಷರತ್ತು? ವಾಪಸಾತಿ ನಿಯಮ? ಏನಮ್ಮಾ, ವಿಭಾಗಕ್ಕೆ ಡೈರೆಕ್ಟರ್ ನಾನೋ ಆ ಡಾಕ್ಟ್ರೋ?

ರಾಮಾನುಜ: ನೀವು ಹೆಣ್ಣಿನ ತಂದೆ ಸಾರ್. ಸುಮ್ನೆ ನೋಡಿ.

ಶ್ರೀನಿವಾಸಯ್ಯನವರು ಕೆಂಪಗಾಗಿ ಬಾಯಿ ತೆರೆಯುವ ಮೊದಲೇ ಅವನು ಗುಂಡಿ ಒತ್ತಿಬಿಟ್ಟ. ಶೂಟಿಂಗ್ ದಿನ ಅವರು ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಳ್ಳಲು ಏನೂ ಸಿಗದೆ ಹಾಗೇ ಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟಿದ್ದರು. ಈಗ ಪರದೆಯ ಮೇಲೆ ಅವರ ಬೆರಳಿನಿಂದ ನೀರು ಹನಿಹನಿಯಾಗಿ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಓಲಗ ಸಣ್ಣಗೆ, ಮೆತ್ತಗೆ ಊದುತ್ತಿತ್ತು. ಪೆಟ್ಟಿಗೆ ವ್ಯಾನು ಹತ್ತಿತು. ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಅವರು ಬರಿಗೈಯಲ್ಲಿ ನಿಂತು ನೋಡುತ್ತಿದ್ದರು.

ಶ್ರೀನಿವಾಸಯ್ಯ: (ಪರದೆಯ ಹತ್ತಿರ ಸರಿದು) ಧಾರೆ ಎರೆದ ಹಾಗಿದೆಯಲ್ಲೋ...

ರಾಮಾನುಜ: ನೀವೇ ಎರೆದಿದ್ದು ಸಾರ್.

ಶ್ರೀನಿವಾಸಯ್ಯ: ನಮ್ಮ ಹೇಮಶ್ರೀ ಮದುವೇಲೂ ಹೀಗೇ ನಿಂತಿದ್ದೆ. ಅಲ್ಲ, ಅಲ್ಲಿ ಅವಳನ್ನ ಚೆನ್ನಾಗಿ ನೋಡ್ಕೋತಾರಾ?

ರಾಮಾನುಜ: ಯಾರನ್ನ ಸಾರ್?

ಶ್ರೀನಿವಾಸಯ್ಯ: ಪೆಟ್ಟಿಗೇನಪ್ಪಾ!

ತ್ರಿಪುರಸುಂದರಿ: ತಂಪಾಗಿ ಇಟ್ಕೋತಾರೆ ಸಾರ್. ಅದಕ್ಕೇ ಫ್ರಿಜ್ಜು ಕೊಟ್ಟಿದೀವಿ.

ಶ್ರೀನಿವಾಸಯ್ಯ: (ಮೂಗು ಒರೆಸಿಕೊಂಡು) ಆ ಡಾಕ್ಟರಮ್ಮನ ಮಾತೇ ಇರ್ಲಿ. ಹೆಣ್ಣು ಕೊಟ್ಟೋರು ಜಾಸ್ತಿ ಮಾತಾಡಬಾರದು.

ಮೂರು ಗಂಟೆಯ ಸಭೆಗೆ ಸಿ.ಡಿ. ಬಿಸಿಬಿಸಿಯಾಗಿಯೇ ತಲುಪಿತು. ಹಂಸಗಳು ಬಂದಾಗ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತ್ರಿಪುರಸುಂದರಿ ಕಣ್ಣು ಮುಚ್ಚಿ ಮನೆದೇವರಿಗೆ ಹರಕೆ ಹೊತ್ತಳು. ಗಟ್ಟಿಮೇಳಕ್ಕೆ ಯಾರೋ ಅಭ್ಯಾಸಬಲದಿಂದ ಅಕ್ಷತೆ ಹಾಕುವವರ ಹಾಗೆ ಕೈ ಎತ್ತಿ ಇಳಿಸಿದರು. ದೀಪ್ತಿ 'ಬನ್ನಿ ಅಂತೀನಿ' ಅಂದು ಮುಗಿಸಿದರೂ ಯಾರೂ ಬಿಸ್ಕತ್ತು ಮುಟ್ಟಿರಲಿಲ್ಲ. ಕೊನೆಗೆ ಅಧ್ಯಕ್ಷೆ ವಿಶಾಲಾಕ್ಷಮ್ಮ ಕನ್ನಡಕ ಸರಿಮಾಡಿಕೊಂಡು ಅಂದರು: "ಮಿಕ್ಕ ಜಿಲ್ಲೆಗಳಲ್ಲೂ ಗಂಡುಗಳು ಕಾಯ್ತಾ ಕೂತಿವೆಯಲ್ರೀ. ಎಲ್ಲಕ್ಕೂ ಇದೇ ಮನೆಯಿಂದ ಹೆಣ್ಣು ಕಳಿಸಿ. ಮಂಜೂರು."

ತ್ರಿಪುರಸುಂದರಿಗೆ ಕುಣಿಯಬೇಕು ಅನ್ನಿಸಿತು. ಸರ್ಕಾರಿ ಕೋಣೆಯಾದ್ದರಿಂದ ಕುಣಿಯಲಿಲ್ಲ. ಸಂಜೆ ಮೈಸೂರುಪಾಕಿನ ಡಬ್ಬ ಹಿಡಿದು, ಶ್ರೀನಿವಾಸಯ್ಯನವರನ್ನೂ ಕರೆದುಕೊಂಡು ಚಾಮರಾಜಪೇಟೆಯ ಮೆಟ್ಟಿಲು ಹತ್ತಿದಳು. ರಾಮಾನುಜ ಒಂದು ತುಂಡು ಬಾಯಿಗಿಟ್ಟಿದ್ದಷ್ಟೇ, ಫೋನು ಬಂತು. ಕೈ ಅಂಟಾಗಿದ್ದರಿಂದ ಸ್ಪೀಕರ್ ಒತ್ತಿದ. ಮಲ್ಲೇಶ್ವರದ ದಾಕ್ಷಾಯಣಮ್ಮ.

ದಾಕ್ಷಾಯಣಮ್ಮ: ರಾಮಾನುಜ ಅವ್ರೇ, ನೀವು ಕಳಿಸಿದ ಮದುವೆ ಸಿ.ಡಿ. ಈಗ ತಾನೇ ನೋಡಿದ್ವಿ. ಓಲಗ ಎಲ್ರೀ? ಯಾರೋ ಗಂಡಸರು ಶುರುವಿಂದ ಮಾತಾಡ್ತಾನೇ ಇದಾರೆ!

ರಾಮಾನುಜನ ಬಾಯಲ್ಲಿದ್ದ ಮೈಸೂರುಪಾಕು ಬಾಯಲ್ಲೇ ನಿಂತಿತು. ಜೋಪಾನವಾಗಿ ಎತ್ತಿಟ್ಟ ಮಾತು ಎಲ್ಲಿಗೆ ಹೋಯಿತೆಂದು ಅವನಿಗೆ ಆಗ ಹೊಳೆಯಿತು.

ದಾಕ್ಷಾಯಣಮ್ಮ: ಅಳಿಯ ತಾಳಿ ಕಟ್ಟೋದಕ್ಕೆ ಬಗ್ತಾನೆ. ಸರಿಯಾಗಿ ಅವನ ಮುಖದ ಮೇಲೆ ಅವರು ಹೇಳ್ತಾರೆ, 'ಗುಣಮಟ್ಟ ಸರಿಯಿಲ್ಲವೆಂದು ಕಂಡುಬಂದಲ್ಲಿ, ಕಳುಹಿಸಿದವರೇ ತಮ್ಮ ಸ್ವಂತ ಖರ್ಚಿನಲ್ಲಿ ವಾಪಸ್ ಕೊಂಡೊಯ್ಯತಕ್ಕದ್ದು.'

ರಾಮಾನುಜ: ತಪ್ಪಾಯ್ತು ತಾಯಿ! ನಾಳೆನೇ ತೆಗೆದು ಬೇರೆ ಹಾಕ್ಕೊಡ್ತೀನಿ.

ದಾಕ್ಷಾಯಣಮ್ಮ: ಯಾಕ್ರೀ ತೆಗೀತೀರಿ? ಹಾಗೇ ಇರ್ಲಿ. ಬೀಗರ ಮನೆಗೂ ಒಂದು ಕಾಪಿ ಕಳಿಸಿ.

ಶ್ರೀನಿವಾಸಯ್ಯನವರು ಸಡಗರದಿಂದ ಫೋನಿನ ಮೇಲೆ ಬಗ್ಗಿದರು.

ಶ್ರೀನಿವಾಸಯ್ಯ: ಅಮ್ಮಾ, ಮಾತಾಡಿರೋನು ನಾನೇ. ನನ್ನ ಪ್ರಸ್ತಾವನೆ ಪೂರ್ತಿ ಬಂದಿದೆಯಾ?

ದಾಕ್ಷಾಯಣಮ್ಮ: ವರಪೂಜೆಗೆ ಶುರುವಾಯ್ತು ಸ್ವಾಮಿ. ಅದು ಮುಗಿಯೋ ಹೊತ್ತಿಗೆ ಜನ ಊಟ ಮಾಡಿ, ತಾಂಬೂಲ ತಗೊಂಡು ಹೋಗಿದ್ರು.

ಶ್ರೀನಿವಾಸಯ್ಯ: (ತ್ರಿಪುರಸುಂದರಿಯ ಕಡೆ ತಿರುಗಿ, ಕಣ್ಣರಳಿಸಿ) ನೋಡಿದೆಯೇನಮ್ಮಾ, ಊಟದ ತನಕ ಕೂತಿದ್ರಂತೆ!