ಮುಗಿಲಿಗಿ ಏರಿದ ಗ್ವಾಡಿ, ಎಮ್ಮಿ ಕಡಿ ಬಾಗಿಲು

ನಕ್ಷಾ ತೆಗಿಯೋ ಕೆಲಸದಾಗ ಎಡವಟ್ಟು ಆಗ್ತಾನೇ ಇರ್ತಾವ. ಆಗಲಿಲ್ಲಂದ್ರ ಆವತ್ತು ಕರೆಂಟ್ ಇರಲಿಲ್ಲ ಅಂತ ತಿಳ್ಕೋಬೇಕು. ಬೀದರಿನ ನೌಬಾದದಾಗ ನಮ್ಮ ಆಫೀಸು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ನಮ್ಮ ಸರ್, ನಾನು. ಸರ್ವೇಯರ್ ಅಳತಿ ಮಾಡಿ ತಂದು ಕೊಡ್ತಾರ, ನಾ ಅದನ್ನ ಕಂಪ್ಯೂಟರಿನಾಗ ಸರಿ ಮಾಡ್ತೇನಿ. ಮಳಿ ಸತತ ಕೈಕೊಟ್ಟ ವರ್ಷಗಳು ಅವು. ಔರಾದ, ಭಾಲ್ಕಿ ಕಡಿ ಮಂದಿ ಟೆಂಪೋ ತುಂಬಿ ಪುಣೆ, ಹೈದರಾಬಾದ್ ಹಾದಿ ಹಿಡಿದಿದ್ದರು. ಅಂಥಾದ್ರಾಗ ಭಾಲ್ಕಿಯ ಒಬ್ಬ ನರ್ಸ್ ಮನಿ ಕಟ್ಟಲಿಕ್ಕ ಹೊಂಟರು.

ಅವರನ್ನ ಎಲ್ಲಾರೂ ಸಿಸ್ಟರ್ ಅಂತಿದ್ದರು. ನೌಕರಿ ಪೂರಾ ಕ್ವಾರ್ಟರ್ಸಿನಾಗೇ ಕಳೆದವರು. ಬ್ಯಾಸಿಗ್ಯಾಗ ರಿಟೈರ್, ಕ್ವಾರ್ಟರ್ಸ್ ಖಾಲಿ ಮಾಡಬೇಕು, ಹೋಗಲಿಕ್ಕ ಬ್ಯಾರೆ ಜಾಗಾ ಇಲ್ಲ. ಮನಿ ಕಟ್ಟಲಿಕ್ಕ ಅವರು ನಂಬಿದ ಗೌಂಡಿ ಔರಾದದಾಂವ. ಅಂವಾ ಮೊದಲೇ ಹೇಳಿಬಿಟ್ಟಿದ್ದ: ಐತಾರಕ್ಕ ನಮ್ಮ ಟೆಂಪೋ ಪುಣೆಗಿ ಬಿಡ್ತದ, ಅದರೊಳಗ ಪುರಸಭೆದಾಗ ನಕ್ಷಾ ಪಾಸಾದ್ರ ಉಳೀತೇನಿ, ಇಲ್ಲಂದ್ರ ಮುಂದಿನ ಮಳಿಗಾಲದಾಗೇ ಭೇಟಿ. ನೀರಿನ ಜಿಮ್ಮಾ ಸಿಸ್ಟರ್ ತಗೊಂಡಿದ್ದರು. ಅವರ ಚರ್ಚಿನ ಹಳೇ ಬಾವಿ ಇನ್ನಾ ಬತ್ತಿರಲಿಲ್ಲ. ನಕ್ಷಾದ ಜಿಮ್ಮಾ ನಮ್ಮ ಕೊರಳಿಗಿ ಬಿತ್ತು.

ಗ್ವಾಡಿ

ಕಂಪ್ಯೂಟರಿನಾಗ ಪ್ರತಿ ಬಿಂದುವಿಗೂ ಮೂರು ಅಂಕಿ. ಎರಡು ಅಂಕಿ ಜಾಗಾ ಎಲ್ಲದ ಅಂತ ಹೇಳ್ತಾವ, ಮೂರನೇದು ಎತ್ತರ. ಮನಿ ನಕ್ಷಾದಾಗ ಆ ಎತ್ತರ ಸೊನ್ನಿ ಇರಬೇಕು. ನಮ್ಮ ಸರ್ವೇಯರ್ ಸಾಹೇಬ್ರು ಭಾರಿ ನಿಷ್ಠಾವಂತರು. ಸಿಸ್ಟರ್ ಜಾಗಾದ ಒಂದು ಮೂಲಿಗಿ ಸೊನ್ನಿ ಹಾಕಿ, ಇನ್ನೊಂದು ಮೂಲಿಗಿ ಸಮುದ್ರದಿಂದ ಭಾಲ್ಕಿ ಎಷ್ಟು ಮ್ಯಾಲದನೋ ಅಷ್ಟೂ ಹಾಕಿದ್ದರು. ಮ್ಯಾಲಿಂದ ನೋಡಿದ್ರ ಗೆರಿ ಸೀದಾ ಕಾಣ್ತದ. ಖರೇ ಹೇಳಬೇಕಂದ್ರ ಅದು ಭಾಲ್ಕಿ ನೆಲದಿಂದ ಎದ್ದು ಮುಗಿಲಿಗಿ ಹೊಂಟಿತ್ತು. ನಮ್ಮ ಸರ್ ಅದನ್ನ ನೋಡದೇ, ಕಂಪ್ಯೂಟರ್ ತೋರಿಸಿದ ಅಷ್ಟೂ ಉದ್ದ ಹಿಡಿದು ಕಂಪೌಂಡ್ ಗ್ವಾಡಿಗಿ ಇಟ್ಟಂಗಿ ಲೆಕ್ಕಾ ಹಾಕಿ ಗೌಂಡಿಗಿ ಫೋನಿನಾಗ ಹೇಳಿದರು.

ಸಿಸ್ಟರ್ ಆಫೀಸಿಗಿ ಬಂದು, ಇದು ಜೈಲಿಂದೇನ್ರಿ ಗ್ವಾಡಿ ಅಂತ ಕೇಳಿದರು. ಸರ್ವೇಯರ್ ಸಾಹೇಬ್ರು ಸಮುದ್ರ ಮಟ್ಟ ಅಂದ್ರ ಏನು ಅಂತ ತಿಳಿಸಿ ಹೇಳಲಿಕ್ಕ ಹೋದರು. ನಳದಾಗೇ ನೀರಿಲ್ಲ, ಸಮುದ್ರ ಎಲ್ಲಿಂದ ತಂದ್ರಿ ಅಂತ ಸಿಸ್ಟರ್ ಅವರ ಬಾಯಿ ಮುಚ್ಚಿಸಿದರು.

ಬ್ಯಾಸರ ಆಗದಾಂವ ಗೌಂಡಿ ಒಬ್ಬನೇ. "ಸಾಹೇಬ್ರ, ಗ್ವಾಡಿ ಅಷ್ಟೇ ಇರ್ಲಿರಿ," ಅಂತ ನಮ್ಮ ಸರಿಗಿ ಫೋನಿನಾಗ ಅಂದ. "ನಾ ಪುಣೆಗಿ ಯಾಕ ಹೋಗ್ಲಿ? ಇದನ್ನ ಕಟ್ಟೂದರಾಗೇ ನನ್ನ ಜಲ್ಮ ಹೋಗ್ತದ, ಮಕ್ಕಳಿಗೂ ಕೆಲಸ ಉಳೀತದ."

ಒಳಗಿನ ಖೋಲಿ

ಗ್ವಾಡಿ ಇಳಿಸಿದೆ. ಇನ್ನ ಖೋಲಿಗಳ ಅಳತಿ ಬರವಲ್ಲದು. ನಾಲ್ಕೂ ಗೆರಿ ಕೂಡ್ಯಾವ ಅಂತ ಕಣ್ಣಿಗಿ ಕಾಣ್ತದ, ಕಂಪ್ಯೂಟರ್ ಮಾತ್ರ ಕೂಡಿಲ್ಲ ಅಂತದ. ಒಂದೇ ಮನ್ಯಾಗಿದ್ದು ಮಾತು ಬಿಟ್ಟ ಅಣ್ಣ ತಮ್ಮರಂಗ. ನಮ್ಮ ಸರ್ ಚಸ್ಮಾ ಏರಿಸಿ, "ಮ್ಯಾಲಿಂದ ಬರಾಬರ್ ಅದಲ್ಲ" ಅಂದರು. ಅವರದು ಹಳೇ ಕಾಲದ ರೂಢಿ. ಹಾಳಿ ಮ್ಯಾಲ ಬಗ್ಗಿ ನೋಡಿ ಸಹಿ ಮಾಡಿದವರು, ಬಾಜೂಕಿನಿಂದ ನೋಡಿದವರೇ ಅಲ್ಲ.

ನಾ ನಕ್ಷಾ ಬಾಜೂಕಿನಿಂದ ತಿರುವಿ ತೋರಿಸಿದೆ. ಅಡಿಗಿ ಮನಿ ನೆಲದ ಮ್ಯಾಲ, ಮಲಗೋ ಖೋಲಿ ಮುಗಿಲಾಗ, ಬಚ್ಚಲು ನೆಲದ ಒಳಗ. ಸಿಸ್ಟರ್ ಹಿಂದ ನಿಂತು ಎಲ್ಲಾ ನೋಡಿದರು. ನಮ್ಮ ಸರ್ ಸೋಲಲಿಲ್ಲ, ಮ್ಯಾಲಿಂದ ನೋಡಿದ್ರ ಏನೂ ಫರಕಿಲ್ಲ ಸಿಸ್ಟರ್ ಅಂತ ಮತ್ತ ಅಂದರು.

"ಮ್ಯಾಲಿಂದ ನೋಡಾಂವ ದೇವರು, ಸರ್," ಅಂದರು ಸಿಸ್ಟರ್. "ನಾ ಒಳಗ ಇರಾಕಿ."

ಎಲ್ಲಾ ಗೆರಿ ಆರಿಸಿ ಒಂದೇ ಹುಕುಮಿಗಿ ಸೊನ್ನಿಗಿ ಕೂಡಿಸಿದೆ. ಮನಿ ಧಡ್ ಅಂತ ನೆಲಕ್ಕ ಬಂತು. ಬಚ್ಚಲು ಮ್ಯಾಲ ಬಂದದ್ದಕ್ಕ ಸಿಸ್ಟರಿಗಿ ಭಾಳ ಸಮಾಧಾನ ಆಯ್ತು.

ಪೂರ್ವ

ಗುರುವಾರ ನಕ್ಷಾ ಪಾಸಾಗದೇ ತಿರುಗಿ ಬಂತು. ಪುರಸಭೆಯವರು ಊರ ನಕ್ಷಾದ ಮ್ಯಾಲ ಇಟ್ಟು ನೋಡ್ಯಾರ, ಸಿಸ್ಟರ್ ಮನಿ ನೆರಮನಿಯವರ ಎಮ್ಮಿ ಕೊಟ್ಟಿಗಿ ಮ್ಯಾಲ ಹೋಗಿ ಕುಂತಾದ.

ಇದಕ್ಕೂ ಸರ್ವೇಯರ್ ಸಾಹೇಬ್ರೇ ಕಾರಣ. ಅವರದೊಂದು ಪದ್ಧತಿ ಇತ್ತು: ರಸ್ತಾ ಯಾವ ಕಡೀನೇ ಇರ್ಲಿ, ನಕ್ಷಾ ಪೂರಾ ತಿರುವಿ ಬಾಗಿಲು ಪೂರ್ವಕ್ಕ ಬರೂ ಹಂಗ ಮಾಡಿ ಕೊಡೂದು. ಮನಿ ಯಜಮಾನರು ಕೇಳಿ ಕೇಳಿ ಅವರಿಗಿ ಅದು ಕೈಚಳಕ ಆಗಿಬಿಟ್ಟಿತ್ತು. ಸಿಸ್ಟರ್ ಕೇಳೇ ಇರಲಿಲ್ಲ. ಸಿಸ್ಟರ್ ಜಾಗಾಕ್ಕ ರಸ್ತಾ ಇದ್ದದ್ದು ಪಶ್ಚಿಮಕ್ಕ, ಪೂರ್ವಕ್ಕ ಹಚ್ಚಿ ಆ ಕೊಟ್ಟಿಗಿ. ನಾ ಕೇಳಿದ್ದಕ್ಕ, "ಪುಣ್ಯದ ಕೆಲಸ ಮಾಡೀನಮ್ಮಾ, ಬಿಲ್ಲಿನಾಗ ಹಿಡಿದಿಲ್ಲ" ಅಂದರು.

ಅಷ್ಟರಾಗ ನನಗ ಗೌಂಡಿಯ ಫೋನ್ ಬಂತು. ಅಂವಾ ಜಲ್ದಿ ಆಗ್ಲಿ ಅಂತ ನಕ್ಷಾದ ಹಳೇ ಹಾಳಿ ಹಿಡ್ಕೊಂಡು, ಹೊತ್ತು ಹುಟ್ಟೂ ದಿಕ್ಕು ನೋಡಿ ಜಾಗಾದಾಗ ಸುಣ್ಣದ ಗೆರಿ ಹಾಕಿದ್ದ.

"ಬಾಯಾರ, ಪೂರ್ವದ ಬಾಗಿಲು ತೆಗೆದ್ರ ಎದುರಿಗಿ ಎಮ್ಮಿ ಮಾರಿ ಬರ್ತದ. ಇದು ನಡೀತದೇನ್ರಿ? ನಡೀತದಂದ್ರ ನಾ ಎಮ್ಮಿಗೂ ಒಂದು ಮಾತು ಕೇಳ್ತೇನಿ."

ಟೆಂಪೋ

ರಸ್ತಾದ ಮೋರಿ ಮೂಲಿ, ಕೊಟ್ಟಿಗಿ ಮೂಲಿ, ಈ ಎರಡು ಖರೇ ಬಿಂದು ಊರ ನಕ್ಷಾದಾಗ ಸಿಕ್ಕವು. ಅವೆರಡಕ್ಕ ಹೊಂದಿಸಿ ಸಿಸ್ಟರ್ ಮನಿ ತಿರುವಿ ಕೂಡಿಸಿದೆ. ಶನಿವಾರ ಸಂಜಿಗಿ ಪಾಸಾಯ್ತು. ಗೌಂಡಿಗಿ ಹೇಳಬೇಕಂದ್ರ ಅಂವನ ಫೋನ್ ಸ್ವಿಚ್ ಆಫ್ ಆಗಿತ್ತು.

ಐತಾರ ಸಿಸ್ಟರ್ ಪ್ರಾರ್ಥನಾ ಬಿಟ್ಟು ನನ್ನ ಕರ್ಕೊಂಡು ಔರಾದಕ್ಕ ಬಂದರು. ಟೆಂಪೋ ಚಾಲೂ ಆಗಿ ನಿಂತಿತ್ತು, ಗೌಂಡಿ ಹೆಂಡತಿ ಮಕ್ಕಳ ಸಂಗಟ ಮ್ಯಾಲ ಕುಂತಿದ್ದ. ನಾ ಹಾಳಿ ಬಾನೆಟ್ ಮ್ಯಾಲ ಬಿಚ್ಚಿದೆ. ಅಂವಾ ಇಳಿದು ಬಂದು ಒಂದೇ ಕೇಳಿದ: ಎಮ್ಮಿ ಯಾವ ಕಡಿ? ಹಿತ್ತಲ ಕಡಿ ಅಂತ ತೋರಿಸಿದೆ. ಹಂಗಾದ್ರ ನನ್ನ ಗಂಟು ಇಳಸ್ರಿ ಅಂದ.

ಗಂಟು ಎಲ್ಲಾರ ಗಂಟಿನ ಬುಡಕ್ಕಿತ್ತು. ಟೆಂಪೋ ಪೂರಾ ಖಾಲಿ ಮಾಡಬೇಕಾಯ್ತು. ಮಂದಿ ಬೈದದ್ದು ಪುಣೆ ತನಕ ಕೇಳಿರಬೇಕು. ಎಂಥೆಂಥಾ ವಾರ್ಡ್ ನೋಡಿದ ಸಿಸ್ಟರ್ ಸೆರಗಿನಿಂದ ಕಣ್ಣು ಒರಸ್ಕೊಂಡರು. ನನಗೂ ಖುಷಿ ಆಯ್ತು, ಸುಳ್ಳು ಯಾಕ ಹೇಳಲಿ.

ಹೊಸ ಮನಿ

ಬ್ಯಾಸಿಗಿಗಿ ಮನಿ ಆಯ್ತು. ಪಾಸ್ಟರ್ ಪ್ರಾರ್ಥನಾ ಮಾಡಿದರು, ಊಟ ಸುರು ಆಯ್ತು. ಸರ್ವೇಯರ್ ಸಾಹೇಬ್ರು ತಡ ಮಾಡಿ ಬಂದು, ಪಶ್ಚಿಮದ ಬಾಗಿಲು ನೋಡಿ ಹೊಸ್ತಿಲ ಮುಂದೇ ನಿಂತರು. ಕರೆದ್ರೂ ಒಳಗ ಬರವಲ್ಲರು. ಹಿತ್ತಲ ಬಾಗಿಲು ಪೂರ್ವಕ್ಕದಲ್ಲ, ಅತ್ತಿಂದ ಬರ್ತೇನಿ ಅಂತ ಸುತ್ತು ಹಾಕಿ ನೆರಮನಿಯವರ ಕೊಟ್ಟಿಗಿ ಹೊಕ್ಕು ಬಂದರು. ಬಾಗಿಲ ತನಕ ಬಂದಾಗ ಎರಡೂ ಕಾಲು ಮೊಣಕಾಲ ತನಕ ಸಗಣಿ.

ಕಾಲಿಗಿ ಒಂದು ತಂಬಗಿ ನೀರು ಕೇಳಿದರು. ಸಿಸ್ಟರ್ ತಂಪಾಗಿ, "ನೀರೆಲ್ಲಾ ಗ್ವಾಡಿಗಿ ಹಾಕೀವ್ರಿ ಸಾಹೇಬ್ರ. ಅಲ್ಲೇ ಕೂಡ್ರಿ, ತಾಟು ಕಳಸ್ತೇನಿ" ಅಂದರು. ಸಾಹೇಬ್ರು ಪೂರ್ವದ ಹೊಸ್ತಿಲ ಹೊರಗ, ಎಮ್ಮಿ ಬಾಜೂಕ ಕುಂತರು.

ತಾಟು ಒಯ್ಯಲಿಕ್ಕ ಗೌಂಡಿ ಹೋದ. ಬಾಗಿಲು ತೆಗೆದು, ಹೊರಗ ಜರಾ ಹೊತ್ತು ನೋಡಿ, ನನ್ನ ಕಡಿ ತಿರುಗಿದ.

"ಬಾಯಾರ, ನಾ ಮೊದಲೇ ಅಂದಿದ್ದಿಲ್ಲೇನ್ರಿ, ಪೂರ್ವದ ಬಾಗಿಲು ತೆಗೆದ್ರ ಎದುರಿಗಿ ಎಮ್ಮಿ ಮಾರಿ ಬರ್ತದ ಅಂತ? ಈಗ ಎರಡಾಗ್ಯಾವ."