ತಗ್ಗಿನ ಮನೆಗೊಂದು ಹೊಸ ಪಂಪು

ಮಳೆಗಾಲ ಬಂತೆಂದರೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತಿತ್ತು. ಆಗುವಾಗ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ. ಮನೆ ಒಣಗಿದ ಮೇಲೆ, ಚಹಾ ಕುಡಿಯುತ್ತ ಕೂತಾಗ ಬರುತ್ತಿತ್ತು. ಈಗ ಮನೆ ಒಣಗಿದೆ, ಚಹಾನೂ ಬಂದಿದೆ. ಹೇಳಿಬಿಡುತ್ತೇನೆ.

೧. ಇಳಿದ ಮನೆ

ನಮ್ಮದು ಗಾದಿ ತುಂಬುವ ಮನೆತನ. ಹೊರಗಿನ ಖೋಲಿ ಅಂಗಡಿ, ನಡುವಿನ ಖೋಲಿಯಲ್ಲಿ ಹಿಂಜಿದ ಹತ್ತಿ, ಹಿಂದೆ ನಾನು ಮತ್ತು ಅವ್ವ. ಅಜ್ಜ ಕಟ್ಟಿಸಿದಾಗ ರಸ್ತೆಯಿಂದ ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತಂತೆ. ತೊಂಬತ್ತರ ದಶಕದ ಹೊತ್ತಿಗೆ ಮೆಟ್ಟಿಲು ಇಳಿದು ಬರಬೇಕಾಗಿತ್ತು. ಮನೆಯೇನೂ ಕುಸಿದಿರಲಿಲ್ಲ. ಡಾಂಬರು ಹಾಕುವವರು ಪ್ರತಿ ಸಲ ಹಳೆಯದನ್ನು ಕೆದರದೆ ಅದರ ಮೇಲೆಯೇ ಹೊಸದು ಹಾಸಿ ರಸ್ತೆಯನ್ನು ಎತ್ತರಿಸಿದ್ದರು. ಮಳೆ ಬಂದರೆ ಓಣಿಯ ನೀರೆಲ್ಲ ಕರೆಯದೆ ಬರುವ ಬೀಗರ ಹಾಗೆ ನೇರ ಒಳಗೆ. ಹತ್ತಿ ಒಮ್ಮೆ ನೆನೆದರೆ ಮುಗಿಯಿತು. ಒಣಗಿಸಿದರೂ ವಾಸನೆ ಹೋಗದು, ಗಾದಿಗೆ ಬಾರದು.

ಒಂದು ಸಲ ಡಾಂಬರು ಹಾಕಿಸುತ್ತಿದ್ದ ಸಾಹೇಬರ ಹತ್ತಿರ ಹೋಗಿ ನಮ್ಮ ಕಷ್ಟ ತೋಡಿಕೊಂಡೆ. ಅವರು ಹೊಸ ರಸ್ತೆಯ ಮೇಲೆ ನಿಂತು ಬಗ್ಗಿ ನಮ್ಮ ಬಾಗಿಲು ನೋಡಿದರು. ಆಮೇಲೆ ಬಹಳ ಮರುಕದಿಂದ ಕೇಳಿದರು: "ಅಲ್ರಿ, ಇಷ್ಟು ತಗ್ಗಿನ್ಯಾಗ ಮನಿ ಯಾಕ ಕಟ್ಟಿದ್ರಿ?"

೨. ಒಂದು ತಂಬಿಗೆ ನೀರು

ನಮ್ಮ ಪಾಡು ನೋಡಲಾರದೆ ಮುಗದ ಎಂಬ ಹಳ್ಳಿಯ ಸೋದರಮಾವ ತಾನು ಹೊಲದಲ್ಲಿ ಬಳಸಿ ಬಿಟ್ಟಿದ್ದ ಚಿಮಣಿ ಎಣ್ಣೆಯ ಪಂಪು ತಂದುಕೊಟ್ಟ. ಹಗ್ಗ ಸುತ್ತಿ ಜಗ್ಗಿದರೆ ಶುರುವಾಗುವ ಜಾತಿ. ಮೊದಲು ಅದರ ಬಾಯಿಗೆ ಒಂದು ತಂಬಿಗೆ ತಿಳಿನೀರು ಹಾಕಬೇಕು, ಇಲ್ಲವಾದರೆ ಎಳೆಯುವುದಿಲ್ಲ, ಕೆಸರುನೀರು ಹಾಕಿದರೆ ಕೆಡುತ್ತದೆ ಎಂದು ಮೂರು ಮೂರು ಸಲ ಹೇಳಿ ಹೋದ.

ಮುಂದಿನ ಮಳೆಗೆ ಮನೆಯೊಳಗೆ ಮೊಣಕಾಲುದ್ದ ನೀರು. ತಿಳಿನೀರು ಕೇಳಿದರೆ ಅವ್ವ ಕೊಡಕ್ಕೆ ಅಡ್ಡ ನಿಂತಳು. ನಮ್ಮಲ್ಲಿ ನಳ ಬರುವುದು ವಾರಕ್ಕೊಮ್ಮೆ, ಅದೂ ಅದಕ್ಕೆ ಮನಸ್ಸಾದರೆ. ಕುಡಿಯುವ ನೀರನ್ನು ಮಷೀನಿಗೆ ಸುರಿಯುವುದೆಂದರೇನು? ಮಾವ ಹೇಳಿದ್ದನ್ನೆಲ್ಲ ನಾನು ಒಪ್ಪಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಗಲೀಜು ನೀರು ಎತ್ತಿ ಒಗಿಯಾಕ ತಂದ ಮಷೀನು. ಅದಕ್ಕ ಗಲೀಜು ನೀರು ಆಗಂಗಿಲ್ಲ ಅಂದ್ರ ಯಾಕ ತಂದಿ?"

ಮೊಣಕಾಲುದ್ದ ನೀರಿನಲ್ಲಿ ನಡೆದುಕೊಂಡು ಎದುರು ಮನೆಗೆ ಹೋಗಿ, ಒಂದು ತಂಬಿಗೆ ನೀರು ಕಡ ತಂದೆ.

೩. ಹೋಗಿ ಬರುವ ನೀರು

ಆ ಎದುರು ಮನೆ ಬಳೆ ಅಂಗಡಿಯ ಚಾಚಾನದು. ಅವರ ಮನೆಯೂ ನಮ್ಮಷ್ಟೇ ತಗ್ಗು, ಅವರಲ್ಲೂ ಒಂದು ಪಂಪು. ನಾವು ಹೊರಗೆ ಚೆಲ್ಲಿದ್ದು ರಸ್ತೆ ದಾಟಿ ಅವರ ಮನೆಗೆ, ಅವರು ಚೆಲ್ಲಿದ್ದು ನಮ್ಮ ಮನೆಗೆ. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆದರೆ ಎರಡೂ ಮನೆಯವರು ಮರ್ಯಾದಸ್ತರು. ಹಗ್ಗ ಜಗ್ಗುವ ಮೊದಲು ನಾನು ಬಾಗಿಲಿಗೆ ಬಂದು, ಚಾಲೂ ಮಾಡಲೇ ಎಂದು ಅವರನ್ನು ಕೇಳುತ್ತಿದ್ದೆ. ಅವರೂ ಹಾಗೆಯೇ. ಮುಂಜಾನೆ ನಮ್ಮ ಪಾಳಿ, ಸಂಜೆ ಅವರ ಪಾಳಿ.

ಒಂದು ಮುಂಜಾನೆ ಅವ್ವನ ಕೈಯಿಂದ ಬಟ್ಟೆಗೆ ಹಾಕುವ ನೀಲಿಯ ಡಬ್ಬಿ ಜಾರಿ ಮನೆಯ ನೀರೆಲ್ಲ ನೀಲಿಯಾಯಿತು. ಅದನ್ನೂ ಪಂಪು ಮಾಡಿ ಕಳಿಸಿದೆವು. ಸಂಜೆ ಚಾಚಾ ತಮ್ಮ ಪಾಳಿ ಶುರು ಮಾಡಿದರು. ನೀಲಿ ನೀರು ನಮ್ಮ ಮೆಟ್ಟಿಲು ಇಳಿದು ವಾಪಸ್ಸು ಬಂತು. ಅವರು ರಸ್ತೆಯಾಚೆಯಿಂದ ಸಮಾಧಾನವಾಗಿ ಅಂದರು: "ಅಕ್ಕಾರ, ನಿಮ್ಮ ನೀರು ನೋಡ್ಕೋರಿ. ಏನೂ ಕಮ್ಮಿ ಆಗಿಲ್ಲ ಹೌದಲ್ರಿ?"

೪. ಹೊಲ ಎಷ್ಟು?

ಹೀಗೇ ವರ್ಷಗಳು ಕಳೆದು ಎರಡು ಸಾವಿರದ ಇಸವಿ ದಾಟಿತು. ಚಾಚಾನ ಪಂಪು ಮೊದಲು ಕೈಕೊಟ್ಟಿತು. ಮರು ವರ್ಷ ಶ್ರಾವಣದ ಜಡಿಮಳೆಯಲ್ಲಿ ನಮ್ಮದೂ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೇಸ್ತ್ರಿ ಬಂದು ನೋಡಿ, ಇದನ್ನು ಇನ್ನು ಮಣ್ಣು ಮಾಡಿರಿ ಅಂದ. ಆಗಲೇ ನೋಡಿ, ಒಂದು ಮದುವೆ ಮನೆಯ ಗಾದಿಗಳನ್ನೆಲ್ಲ ಒಪ್ಪಿಕೊಂಡಿದ್ದೆ. ಹಿಂಜಿದ ಹತ್ತಿ ನಡುವಿನ ಖೋಲಿಯಲ್ಲಿ ಮಂಚಗಳ ಮೇಲೆ ಗುಡ್ಡದ ಹಾಗೆ ಕೂತಿತ್ತು. ಅದು ನೆನೆದರೆ ಹೆಣ್ಣಿನ ತಂದೆಗೆ ಮುಖ ತೋರಿಸುವುದು ಹೇಗೆಂದು ನನಗೆ ಊಟವೇ ಸೇರುತ್ತಿರಲಿಲ್ಲ.

ಛತ್ರಿ ಹಿಡಿದು ಪಂಪಿನ ಅಂಗಡಿಗೆ ಓಡಿದೆ. ಅಂಗಡಿಯವರು ರೈತರಿಗೆ ಕೇಳುವಂತೆ ಹೊಲ ಎಷ್ಟು ಎಕರೆ ಎಂದು ಕೇಳಿದರು. ಹೊಲವಿಲ್ಲ, ಮನೆಗೆ ಬೇಕು ಅಂದೆ. ಹಾಗಾದರೆ ಮನೆಯಲ್ಲಿ ಭಾವಿ ಇದೆಯೇ ಅಂದರು.

"ಭಾವಿ ಇಲ್ರಿ," ಅಂದೆ. "ಮನೀನ ಭಾವಿ ಆಗೇತ್ರಿ."

ಅವರು ಕನಿಕರಪಟ್ಟು ನಾನು ಕೊಂಡ ಪಂಪಿನ ಜೊತೆ ಉದ್ದನೆಯ ರಬ್ಬರ್ ಪೈಪು ಪುಕ್ಕಟೆ ಕೊಟ್ಟು, ತಾವೇ ಆಟೋಕ್ಕೆ ಏರಿಸಿದರು.

೫. ಹೊಸ ಪಂಪಿನ ಗೃಹಪ್ರವೇಶ

ಆಟೋ ಮನೆ ಮುಂದೆ ನಿಂತಿತು. ಅವ್ವ ಹೊಸ್ತಿಲಲ್ಲಿ ಎರಡೂ ಕೈ ಅಡ್ಡ ಹಿಡಿದಳು. ಅವತ್ತು ಶನಿವಾರ. ಶನಿವಾರ ಹೊಸ ಕಬ್ಬಿಣ ಮನೆಯೊಳಗೆ ಬಂದರೆ ಅದರ ಬೆನ್ನಿಗೆ ಶನಿಯೂ ಬರುತ್ತಾನೆ. ಪಂಪಿನಲ್ಲಿ ಕಬ್ಬಿಣ ಕಮ್ಮಿ ಎಂದು ವಾದಿಸಿದೆ. ಅವ್ವ ಬೆರಳಿನಿಂದ ಬಾರಿಸಿದಳು, ಟಣ್ ಎಂದಿತು. ಚಾಚಾ ಬಂದು, ನಾಳೆಯ ತನಕ ತಮ್ಮ ಹಿತ್ತಲಲ್ಲಿ ಇರಲಿ ಎಂದು ಎತ್ತಿಸಿಕೊಂಡು ಹೋದರು.

ಮಧ್ಯಾಹ್ನ ಆಕಾಶ ಹರಿದುಬಿತ್ತು. ನೀರು ಮಂಚದ ಕಾಲು ಏರತೊಡಗಿತು. ಅವ್ವ ತಲೆಯ ಮೇಲೆ ಹತ್ತಿಯ ಗಂಟು ಹೊತ್ತು ನೀರಿನ ನಡುವೆ ನಿಂತಿದ್ದಳು. ಆ ಕಡೆ ಶನಿ, ಈ ಕಡೆ ಹತ್ತಿ. ಪಂಪು ತರಲೇ ಎಂದರೆ ಹೂಂ ಅನ್ನಲಾರಳು, ಬೇಡ ಅನ್ನಲಾರಳು. ಕಣ್ಣಲ್ಲಿ ನೀರು ತುಂಬಿತ್ತು.

ಎದುರಿನಿಂದ ಚಾಚಾ ಕೂಗಿದರು: "ಅಕ್ಕಾರ, ಪೈಪು ರಬ್ಬರಿಂದು. ರಬ್ಬರಿಗೇನಾರ ಶನಿವಾರ ಐತೇನ್ರಿ?"

ಅವ್ವ ಗಂಟು ಹೊತ್ತುಕೊಂಡೇ ಯೋಚಿಸಿದಳು. "ರಬ್ಬರಿಗೆ ಹಿರಿಯಾರು ಏನೂ ಹೇಳಿಲ್ಲರಿ."

ಪಂಪು ಅವರ ಹಿತ್ತಲಲ್ಲೇ ಉಳಿಯಿತು, ಪೈಪು ಮಾತ್ರ ರಸ್ತೆ ದಾಟಿ ನಮ್ಮ ಮನೆಯೊಳಗೆ ಬಂತು. ಪಂಪು ನೀರು ಉಗುಳುವ ಕಡೆಯ ಪೈಪನ್ನು ಚಾಚಾ, ಇಷ್ಟು ವರ್ಷ ಇಬ್ಬರಿಗೂ ಹೊಳೆಯದಿದ್ದ ಹಿತ್ತಲ ಗೋಡೆಯಾಚೆಯ ದೊಡ್ಡ ಗಟಾರಕ್ಕೆ ಬಿಟ್ಟರು. ನೀರು ಇಳಿಯಿತು, ಮಂಚದ ಕಾಲು ಕಂಡವು. ಆಮೇಲೆ ಅವರ ಮನೆಯ ನೀರೂ ಅದೇ ಗಟಾರ ಸೇರಿತು. ಎಷ್ಟು ಕಾದರೂ ಒಂದು ಹನಿ ವಾಪಸ್ಸು ಬರಲಿಲ್ಲ. ಹತ್ತಿ ಒಣಗಿದ್ದದ್ದು ಒಣಗಿದ ಹಾಗೇ ಇತ್ತು. ಮುಟ್ಟಿ ಮುಟ್ಟಿ ನೋಡಿದೆ. ಬದುಕಿದೆ ಅನ್ನಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ರವಿವಾರ ಅವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಪಂಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಬಲಗಾಲು ಯಾವುದೆಂದು ತಿಳಿಯದೆ ಹೇಗೋ ಒಳಗೆ ತಂದೆವು. ಅಷ್ಟರಲ್ಲೇ ಮಳೆ ಬಂತು, ಮನೆಗೆ ನೀರೂ ಬಂತು. ಸಂಭ್ರಮದಿಂದ ಹಗ್ಗ ಜಗ್ಗಿದೆ. ರೂಢಿಯಂತೆ ಪೈಪು ರಸ್ತೆಗೇ ಬಿಟ್ಟಿದ್ದೆ. ಹೊಸ ಪಂಪಿನ ರಭಸಕ್ಕೆ ನಮ್ಮ ನೀರೆಲ್ಲ ಒಂದೇ ಗಳಿಗೆಯಲ್ಲಿ ರಸ್ತೆ ದಾಟಿ ಚಾಚಾನ ಮನೆ ಹೊಕ್ಕಿತು. ಚಾಚಾ ಲುಂಗಿ ಎತ್ತಿಕಟ್ಟಿ ಬಾಗಿಲಿಗೆ ಬಂದು ನಮ್ಮನ್ನೇ ನೋಡುತ್ತ ನಿಂತರು.

ಅವ್ವ ಅವರನ್ನು ನೋಡಿದಳು, ಕುಂಕುಮ ಹಚ್ಚಿದ ಪಂಪನ್ನು ನೋಡಿದಳು, ಆರತಿ ತಟ್ಟೆ ಕೆಳಗಿಟ್ಟಳು.

"ತಗೊಂಡು ಹೋಗಿ ಅವರ ಹಿತ್ತಲದಾಗ ಇಟ್ಟು ಬಾ," ಅಂದಳು. "ಇವತ್ತಿನಿಂದ ಇದಕ್ಕ ದಿನಾ ಶನಿವಾರ."